ಹಾಲು ಕರೆಯುವ ಕೈಗೂ ಬೇಕು ಆರೈಕೆ, ಬೇಕು ಬಲ



ಕೆಚ್ಚಲಿನಲ್ಲಿ ಸ್ವಲ್ಪ ಬಾವು ಕಂಡರೂ ನೀವು ತಡ ಮಾಡದೆ ಪಶುವೈದ್ಯರಿಗೆ ಫೋನ್ ಮಾಡುತ್ತೀರಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ನಿಮಗೂ ಊಟ ಸೇರುವುದಿಲ್ಲ. ಆದರೆ ಅದೇ ಹಸುವನ್ನು ದಿನಕ್ಕೆ ಎರಡು ಸಲ ಕರೆಯುವ ನಿಮ್ಮ ಕೈ ರಾತ್ರಿ ಜೋಮು ಹಿಡಿದರೆ, ಮಣಿಕಟ್ಟು ನೋಯುತ್ತಿದ್ದರೆ, ಅಂಗೈ ಒಡೆದು ಉರಿಯುತ್ತಿದ್ದರೆ, "ಕೆಲಸ ಮಾಡೋ ಕೈಗೆ ನೋವು ಇದ್ದದ್ದೇ" ಎಂದು ಸುಮ್ಮನಾಗುತ್ತೀರಿ. ಸ್ವಲ್ಪ ಎಣ್ಣೆ ಹಚ್ಚಿ, ಅಂಗಡಿಯಿಂದ ಒಂದು ನೋವಿನ ಮಾತ್ರೆ ತರಿಸಿ ನುಂಗಿ, ಬೆಳಗ್ಗೆ ಮತ್ತೆ ಬಕೆಟ್ ಹಿಡಿದು ಕೊಟ್ಟಿಗೆಗೆ ಹೋಗುತ್ತೀರಿ.

ಈ ಸಂಚಿಕೆಯಲ್ಲಿ ನಿಮ್ಮ ಕೈಗಳ ಬಗ್ಗೆಯೇ ಮಾತನಾಡೋಣ. ಕೈ ಏಕೆ ನೋಯುತ್ತದೆ, ನೋವನ್ನು ಹೇಗೆ ಕಡಿಮೆ ಮಾಡಿಕೊಳ್ಳಬೇಕು, ಹಿಡಿತಕ್ಕೆ ಬಲ ತರುವುದು ಹೇಗೆ, ಯಾವಾಗ ಡಾಕ್ಟರ ಬಳಿ ಹೋಗಲೇಬೇಕು ಎಂಬುದನ್ನು ಒಂದೊಂದಾಗಿ ನೋಡೋಣ. ಇದಕ್ಕೆ ಹೆಚ್ಚು ಖರ್ಚಿಲ್ಲ. ಮನೆಯಲ್ಲಿರುವ ಬಕೆಟ್, ಟವೆಲ್, ರಬ್ಬರ್ ಬ್ಯಾಂಡ್ ಸಾಕು.

ಕೈ ನೋವಿಗೂ ಹಾಲಿನ ಬಿಲ್ಲಿಗೂ ನಂಟು

ಕೆಚ್ಚಲು ತೊಳೆದು ಒರೆಸಿದ ಮೇಲೆ ಸುಮಾರು ಒಂದು ನಿಮಿಷದಲ್ಲಿ ಹಸು ಹಾಲು ಇಳಿಸುತ್ತದೆ. ಇದನ್ನು ಮಾಡಿಸುವುದು ಅದರ ಮೈಯಲ್ಲಿ ಉತ್ಪತ್ತಿಯಾಗುವ ಆಕ್ಸಿಟೋಸಿನ್ ಎಂಬ ರಸ. ಈ ರಸದ ಪ್ರಭಾವ ಹೆಚ್ಚು ಹೊತ್ತು ಇರುವುದಿಲ್ಲ. ಆದ್ದರಿಂದಲೇ 5ರಿಂದ 7 ನಿಮಿಷದೊಳಗೆ ಪೂರ್ತಿ ಹಾಲು ಕರೆದು ಮುಗಿಸಬೇಕೆಂದು ತರಬೇತಿಗಳಲ್ಲಿ ನಿಮಗೆ ಹೇಳಿಕೊಡುತ್ತಾರೆ.

ಕೈ ನೋಯುತ್ತಿರುವವರಿಗೆ ಇದು ಕಷ್ಟ. ನಡುವೆ ನಿಲ್ಲಿಸಿ ಕೈ ಕೊಡವಬೇಕಾಗುತ್ತದೆ. ಕೊನೆಕೊನೆಗೆ ಬೆರಳು ಸೋತು, "ಇನ್ನು ಸಾಕು, ಕರು ಕುಡಿಯಲಿ" ಎಂದು ಎದ್ದುಬಿಡುತ್ತೇವೆ. ಕೊನೆಯಲ್ಲಿ ಬರುವ ಹಾಲಿನಲ್ಲಿಯೇ ಕೊಬ್ಬಿನ ಅಂಶ ಹೆಚ್ಚು. ಅದು ಕೆಚ್ಚಲಿನಲ್ಲೇ ಉಳಿದರೆ ಡೇರಿಯಲ್ಲಿ ಫ್ಯಾಟ್ ಕಡಿಮೆ ಬರುತ್ತದೆ, ದರ ಇಳಿಯುತ್ತದೆ. ದಿನವೂ ಹೀಗೆ ಹಾಲು ಉಳಿಯುತ್ತಿದ್ದರೆ ಹಸುವಿನ ಇಳುವರಿ ಕುಗ್ಗುತ್ತದೆ, ಕೆಚ್ಚಲು ಬಾವಿನ ಭಯವೂ ಹೆಚ್ಚುತ್ತದೆ. ಅಂಗೈಯ ಒಡಕುಗಳಲ್ಲಿ ಕೆಚ್ಚಲು ಬಾವು ತರುವ ಕೆಲವು ರೋಗಾಣುಗಳು ಸೇರಿಕೊಂಡು ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟಬಲ್ಲವು. ಹಾಗಾಗಿ ಕೈಯ ಆರೈಕೆಗೆ ಕೊಡುವ ಹತ್ತು ನಿಮಿಷವನ್ನು ವ್ಯರ್ಥ ಎಂದುಕೊಳ್ಳಬೇಡಿ. ಅದೂ ಹೈನುಗಾರಿಕೆಯ ಕೆಲಸವೇ.

ದಿನಕ್ಕೆ ಎಷ್ಟು ಸಲ ಹಿಂಡುತ್ತೀರಿ? ಎಣಿಸಿ ನೋಡಿ

ನಾಳೆ ಒಂದು ಸಣ್ಣ ಲೆಕ್ಕ ಮಾಡಿ. ಎಣಿಸಿ ಹತ್ತು ಸಲ ಹಿಂಡಿ, ಬಂದ ಹಾಲನ್ನು ಅಳತೆಯ ಲೋಟಕ್ಕೆ ಹಾಕಿ ನೋಡಿ. 100 ಮಿಲಿ ಬಂದರೆ ಒಂದು ಹಿಂಡಿಗೆ 10 ಮಿಲಿ ಎಂದಾಯಿತು. ಆ ಲೆಕ್ಕದಲ್ಲಿ ದಿನಕ್ಕೆ 10 ಲೀಟರ್ ಕೊಡುವ ಒಂದು ಹಸುವಿಗೆ 1000 ಹಿಂಡು. ಅಂಥ ಎರಡು ಹಸು ಇದ್ದರೆ 2000. ಎರಡೂ ಕೈಗೆ ಹಂಚಿದರೆ ಒಂದೊಂದು ಕೈ ದಿನಕ್ಕೆ 1000 ಸಲ ಮುಷ್ಟಿ ಬಿಗಿಯುತ್ತದೆ. ಮೇವು ಕೊಯ್ಯುವುದು, ಸಗಣಿ ಬಾಚುವುದು, ಬಟ್ಟೆ ಒಗೆದು ಹಿಂಡುವುದು, ಪಾತ್ರೆ ತಿಕ್ಕುವುದು, ಮುದ್ದೆ ತೊಳಸುವುದು ಇದರ ಮೇಲೆ.

ಈಗ ಕೈಯ ಬಲವನ್ನೇ ನಂಬಿ ಬದುಕುವ ಇನ್ನೊಬ್ಬರನ್ನು ನೋಡಿ. ಭಾರ ಎತ್ತುವ ಸ್ಪರ್ಧೆ, ಅಂದರೆ ವೇಟ್‌ಲಿಫ್ಟಿಂಗ್ ಆಡುವವರು. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದವರು. ಮಣಿಪುರದ ಮೀರಾಬಾಯಿ ಚಾನು ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕಿಲೋ ವಿಭಾಗದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ 202 ಕಿಲೋ ಎತ್ತಿ ಬೆಳ್ಳಿ ಪದಕ ತಂದರು. ಅಷ್ಟು ದೊಡ್ಡ ಸ್ಪರ್ಧೆಯಲ್ಲಿ ಅವರಿಗೆ ಸಿಗುವುದು ಆರೇ ಆರು ಅವಕಾಶ. ಒಂದು ಬಗೆಯಲ್ಲಿ ಮೂರು, ಇನ್ನೊಂದು ಬಗೆಯಲ್ಲಿ ಮೂರು.

ಮೀರಾಬಾಯಿ ಚಿಕ್ಕಂದಿನಲ್ಲಿ ಗುಡ್ಡದಿಂದ ಸೌದೆ ಹೊರೆ ಹೊತ್ತು ತರುತ್ತಿದ್ದ ವಿಷಯವನ್ನು ನೀವು ಟಿವಿಯಲ್ಲಿ ಕೇಳಿರಬಹುದು. ಆದರೆ ಸೌದೆ ಹೊತ್ತವರೆಲ್ಲ ಅಷ್ಟು ಭಾರ ಎತ್ತಲಾರರು. ಆ ಬಲ ಬಂದದ್ದು ಲೆಕ್ಕ ಹಾಕಿ ಮಾಡಿದ ತರಬೇತಿಯಿಂದ. ಇಂದು ಇಷ್ಟು ಭಾರ, ಆಮೇಲೆ ವಿಶ್ರಾಂತಿ, ಕೆಲವು ದಿನ ಬಿಟ್ಟು ಸ್ವಲ್ಪ ಹೆಚ್ಚು ಭಾರ ಎಂಬ ಕ್ರಮದಿಂದ. ನಿತ್ಯದ ದುಡಿಮೆಯಲ್ಲಿ ಈ ಕ್ರಮ ಇರುವುದಿಲ್ಲ. ಅದೇ ಚಲನೆ, ಅದೇ ಬೆರಳು, ಬಿಡುವಿಲ್ಲದೆ ವರ್ಷಗಟ್ಟಲೆ. ಒಂದು ಹಂತದವರೆಗೆ ಕೈ ಗಟ್ಟಿಯಾಗುತ್ತದೆ, ಆಮೇಲೆ ಸವೆಯಲು ಶುರುವಾಗುತ್ತದೆ.

ನಾವು ಕಲಿಯಬೇಕಾದ್ದು ಇದೇ. ನಿಮ್ಮ ಹಿಡಿತದ ಒಟ್ಟು ಬಲ ಹೆಚ್ಚಿದರೆ ಪ್ರತಿ ಹಿಂಡಿಗೂ ಆ ಬಲದ ಸಣ್ಣ ಪಾಲು ಸಾಕಾಗುತ್ತದೆ. ಬಲ ಕಡಿಮೆ ಇದ್ದವರು ಪ್ರತಿ ಸಲವೂ ಇರುವ ಶಕ್ತಿಯನ್ನೆಲ್ಲ ಹಾಕಬೇಕು. ಬೇಗ ಸೋಲುವುದು, ಬೇಗ ನೋಯುವುದು ಅವರ ಕೈಯೇ.

ಬೆರಳಿನ ಬಲ ಬೆರಳಿನಲ್ಲಿ ಇಲ್ಲ

ಎಡಗೈಯಿಂದ ಬಲಗೈಯ ಮೊಣಕೈ ಕೆಳಗಿನ ಭಾಗವನ್ನು ಹಿಡಿದುಕೊಳ್ಳಿ. ಈಗ ಬಲಗೈ ಮುಷ್ಟಿ ಬಿಗಿದು ಬಿಡಿ. ಒಳಗೆ ಮಾಂಸಖಂಡ ಉಬ್ಬಿ ಇಳಿಯುವುದು ಗೊತ್ತಾಗುತ್ತದೆ. ಬೆರಳನ್ನು ಮಡಚಿಸುವ ದೊಡ್ಡ ಮಾಂಸಖಂಡಗಳು ಇರುವುದು ಅಲ್ಲಿ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳಿಗೆ ಬರುತ್ತವೆ. ಅದೇ ಇಕ್ಕಟ್ಟಿನಲ್ಲಿ ಒಂದು ಮುಖ್ಯ ನರವೂ ಹಾದು ಬರುತ್ತದೆ. ಹುರಿಗಳು ಬಾತುಕೊಂಡರೆ ಈ ನರ ಒತ್ತಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಡಾಕ್ಟರುಗಳು ಇದನ್ನು ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ತೊಂದರೆ ಇರುವವರಲ್ಲಿ ಇನ್ನೂ ಹೆಚ್ಚು.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಮಣಿಕಟ್ಟನ್ನು ಒಳಗಡೆಗೆ ಪೂರ್ತಿ ಬಗ್ಗಿಸಿ ಮುಷ್ಟಿ ಬಿಗಿಯಲು ಪ್ರಯತ್ನಿಸಿ. ಹಿಡಿತವೇ ಸಿಗುವುದಿಲ್ಲ. ಈಗ ಮಣಿಕಟ್ಟನ್ನು ನೇರ ಮಾಡಿ, ಹಿಂದಕ್ಕೆ ತುಸು ಎತ್ತಿ ಮುಷ್ಟಿ ಬಿಗಿಯಿರಿ. ಎಷ್ಟು ವ್ಯತ್ಯಾಸ! ಹಾಲು ಕರೆಯುವಾಗ, ಬಕೆಟ್ ಎತ್ತುವಾಗ, ಕುಡುಗೋಲು ಹಿಡಿಯುವಾಗ ಮಣಿಕಟ್ಟು ನೇರವಾಗಿದ್ದರೆ ಕಡಿಮೆ ಶ್ರಮಕ್ಕೆ ಹೆಚ್ಚು ಬಲ ಸಿಗುತ್ತದೆ. ಹಸುವಿನಿಂದ ದೂರ ಕುಳಿತು ಕೈ ಚಾಚಿದರೆ, ಅಥವಾ ತೀರಾ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತರೆ ಮಣಿಕಟ್ಟು ಬಾಗಲೇಬೇಕು. ಒಂದು ಗಟ್ಟಿ ಸ್ಟೂಲು ಅಥವಾ ಮಣೆ ಹಾಕಿಕೊಂಡು, ಮಣಿಕಟ್ಟು ನೇರ ನಿಲ್ಲುವ ಎತ್ತರದಲ್ಲಿ, ಹಸುವಿಗೆ ಹತ್ತಿರವಾಗಿ ಕುಳಿತುಕೊಳ್ಳಿ.

ಹೆಬ್ಬೆರಳು ಮಡಚಬೇಡಿ

ಭಾರ ಎತ್ತುವವರು ಸರಳನ್ನು ಹಿಡಿಯುವಾಗ ಹೆಬ್ಬೆರಳನ್ನು ಒಳಗಿಟ್ಟು, ಅದರ ಮೇಲೆ ಬೇರೆ ಬೆರಳುಗಳನ್ನು ಬಿಗಿಯುತ್ತಾರೆ. ಸರಳು ಜಾರದಿರಲಿ ಎಂದು ಹೀಗೆ ಮಾಡುತ್ತಾರೆ. ಹೆಬ್ಬೆರಳಿಗೆ ನೋವಾದರೂ ಅವರಿಗೆ ಅದು ಕೆಲವು ಕ್ಷಣದ ಮಾತು. ಹಾಲು ಕರೆಯುವಾಗ ಹೆಬ್ಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ಮೊಲೆತೊಟ್ಟನ್ನು ಒತ್ತುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಇಲ್ಲಿ ಅದು ಸಾವಿರ ಸಲ ನಡೆಯುತ್ತದೆ. ಹೆಬ್ಬೆರಳಿನ ಗೆಣ್ಣು, ಬುಡ ಎರಡೂ ನೋಯುತ್ತವೆ, ಮೊಲೆತೊಟ್ಟಿನ ಒಳಪದರಕ್ಕೂ ಪೆಟ್ಟಾಗುತ್ತದೆ.

ಸರಿಯಾದ ವಿಧಾನ ಮುಷ್ಟಿ ವಿಧಾನ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೊಲೆತೊಟ್ಟಿನ ಬುಡದಲ್ಲಿ ಉಂಗುರದಂತೆ ಬಿಗಿ ಹಿಡಿಯಿರಿ. ಹಾಲು ಮೇಲಕ್ಕೆ ಹೋಗದಂತೆ ತಡೆಯುವುದು ಈ ಉಂಗುರ. ನಂತರ ನಡುಬೆರಳು, ಉಂಗುರಬೆರಳು, ಕಿರುಬೆರಳು ಹೀಗೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬೆರಳು ಮುಚ್ಚುತ್ತಾ ಬನ್ನಿ. ಹೆಬ್ಬೆರಳು ಹೊರಗೇ ಇರಲಿ. ಮೊಲೆತೊಟ್ಟನ್ನು ಕೆಳಕ್ಕೆ ಎಳೆಯಬೇಡಿ, ಒತ್ತಿದರೆ ಸಾಕು. ಪ್ರತಿ ಹಿಂಡಿನ ನಂತರ ಕೈ ಪೂರ್ತಿ ಸಡಿಲ ಬಿಡಿ. ಮೊಲೆತೊಟ್ಟಿಗೆ ಮತ್ತೆ ಹಾಲು ಇಳಿಯುವುದು ಆಗಲೇ, ಕೈಗೆ ಚೂರು ಬಿಡುವು ಸಿಗುವುದೂ ಆಗಲೇ. ಎರಡು ಬೆರಳಿನಲ್ಲಿ ಎಳೆದು ಹಿಂಡುವುದನ್ನು ಕೊನೆಯ ನಾಲ್ಕು ಹನಿಗೆ ಮಾತ್ರ ಇಟ್ಟುಕೊಳ್ಳಿ.

ಮುಷ್ಟಿ ವಿಧಾನಕ್ಕೆ ಬದಲಾಗುವಾಗ ಮೊದಲ ಕೆಲವು ದಿನ ಕೈ ನಿಧಾನವಾಗುತ್ತದೆ, ಕಿರುಬೆರಳು ಸೋಲುತ್ತದೆ. ಇಷ್ಟು ದಿನ ಅದಕ್ಕೆ ಕೆಲಸವೇ ಇರಲಿಲ್ಲವಲ್ಲ! ಶಾಂತ ಸ್ವಭಾವದ ಒಂದು ಹಸುವಿನಲ್ಲಿ ಮೊದಲು ರೂಢಿ ಮಾಡಿಕೊಳ್ಳಿ. ಪಡ್ಡೆ ಹಸುಗಳಲ್ಲಿ ಮೊಲೆತೊಟ್ಟು ತೀರಾ ಗಿಡ್ಡವಾಗಿದ್ದು ಮುಷ್ಟಿಗೆ ಸಿಗದಿದ್ದರೆ, ಅಂಥವಕ್ಕೆ ಹಾಲು ಕರೆಯುವ ಯಂತ್ರವೇ ಒಳ್ಳೆಯದು.

ಅಂಗೈಯ ಚರ್ಮ: ಒಣಗಿರಲಿ, ಒಡೆಯದಿರಲಿ

ಭಾರ ಎತ್ತುವವರು ವೇದಿಕೆಗೆ ಬರುವ ಮೊದಲು ಕೈಗೆ ಬಿಳಿ ಪುಡಿ ಬಳಿದುಕೊಳ್ಳುವುದನ್ನು ನೋಡಿರುತ್ತೀರಿ. ಅದು ಮೆಗ್ನೀಸಿಯಂ ಕಾರ್ಬೊನೇಟ್. ಬೆವರು ಹೀರಿ ಕೈಯನ್ನು ಒಣಗಿಸುತ್ತದೆ. ಒದ್ದೆ ಚರ್ಮ ಮೆತ್ತಗಾಗಿ ಬೇಗ ಕಿತ್ತುಬರುತ್ತದೆ ಎಂಬುದು ಅವರಿಗೆ ಗೊತ್ತು. ಹಾಲು ಕರೆಯುವಾಗ ಪುಡಿ ಗಿಡಿ ಬಳಸುವಂತಿಲ್ಲ. ಆದರೆ ಒಣಗಿದ ಕೈಯಲ್ಲೇ ಕರೆಯಬೇಕು ಎಂಬ ಮಾತು ನಮಗೂ ಸಲ್ಲುತ್ತದೆ. ಹಾಲಿನಲ್ಲಿ ಬೆರಳು ಅದ್ದಿಕೊಂಡು, ನೊರೆ ಹಚ್ಚಿಕೊಂಡು ಕರೆದರೆ ಮೊಲೆತೊಟ್ಟೂ ಒಡೆಯುತ್ತದೆ, ಕೈಯೂ ಒಡೆಯುತ್ತದೆ, ಹಾಲೂ ಕೆಡುತ್ತದೆ.

ದಿನವೂ ಮಾಡಬೇಕಾದ್ದು ಇಷ್ಟು:

ಕರೆಯುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ಕೈ ತೊಳೆಯಿರಿ, ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಬೆಚ್ಚಗಿನ ನೀರಿಗೆ ಬೆರಳುಗಳೂ ಸಡಿಲವಾಗುತ್ತವೆ.

ಕ್ಯಾನು, ಬಕೆಟ್ ತೊಳೆಯುವ ಸೋಡಾ, ಬ್ಲೀಚಿಂಗ್ ಪುಡಿ, ಬಟ್ಟೆ ಸೋಪು ಇವು ಚರ್ಮದ ಜಿಡ್ಡನ್ನು ತೆಗೆದುಹಾಕುತ್ತವೆ. ಈ ಕೆಲಸಕ್ಕೆ ರಬ್ಬರ್ ಕೈಗವಸು ಹಾಕಿಕೊಳ್ಳಿ.

ರಾತ್ರಿ ಮಲಗುವ ಮುನ್ನ ಕೈ ತೊಳೆದು ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಒಡಕು ಹೆಚ್ಚಿದ್ದರೆ ಹಳೆಯ ಹತ್ತಿಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗಿ.

ಅಂಗೈಯಲ್ಲಿ ದಡ್ಡುಗಟ್ಟಿರುವುದು ತಪ್ಪಲ್ಲ. ಅದು ಚರ್ಮ ತನ್ನನ್ನು ತಾನೇ ಕಾಪಾಡಿಕೊಳ್ಳುವ ಬಗೆ. ಆದರೆ ತೀರಾ ಉಬ್ಬಿದ ದಡ್ಡು ಸಿಕ್ಕಿಕೊಂಡು ಕಿತ್ತುಬರುತ್ತದೆ. ವಾರಕ್ಕೊಮ್ಮೆ ಸ್ನಾನವಾದ ಮೇಲೆ, ಕಾಲು ಉಜ್ಜುವ ಕಲ್ಲಿನಿಂದ ಮೇಲೆ ಮೇಲೆ ಉಜ್ಜಿ ಸಮ ಮಾಡಿ. ಬ್ಲೇಡಿನಿಂದ ಕೊಯ್ಯಬೇಡಿ. ಸಕ್ಕರೆ ಕಾಯಿಲೆ ಇರುವವರು ಉಜ್ಜುವುದಕ್ಕೂ ಮೊದಲು ಡಾಕ್ಟರನ್ನು ಕೇಳಿ.

ನೀರುಗುಳ್ಳೆ ಎದ್ದರೆ ಒಡೆಯಬೇಡಿ. ತಾನಾಗಿ ಒಡೆದರೆ ತೊಳೆದು ಶುಭ್ರ ಪಟ್ಟಿ ಕಟ್ಟಿ. ಗಾಯ ಒಣಗುವವರೆಗೆ ಮನೆಯಲ್ಲಿ ಬೇರೆಯವರು ಹಾಲು ಕರೆಯಲಿ.

ಹಸುವಿನ ಕೆಚ್ಚಲಿಗೆ ಕೊಟ್ಟ ಮುಲಾಮನ್ನು ನಿಮ್ಮ ಕೈಗೆ ಹಚ್ಚಿಕೊಳ್ಳಬೇಡಿ. ನಿಮಗಾಗಿ ತಂದ ಘಾಟಿನ ನೋವಿನ ಮುಲಾಮನ್ನು ಹಾಲು ಕರೆದ ನಂತರವೇ ಹಚ್ಚಿ, ಮುಂದಿನ ಸಲ ಕರೆಯುವ ಮೊದಲು ಚೆನ್ನಾಗಿ ತೊಳೆಯಿರಿ. ಅದರ ವಾಸನೆ ಹಾಲಿಗೆ ಬೇಗ ಹತ್ತುತ್ತದೆ.

ಗಾಯವಾದ ಕೈಯಲ್ಲಿ ಇದನ್ನು ಮಾತ್ರ ಮುಟ್ಟಬೇಡಿ

ಹಸು ಕಂದು ಹಾಕಿದಾಗ, ಕರು ಹಾಕಿ ಸತ್ತೆ ಬೀಳದಿದ್ದಾಗ ಬರಿಗೈಯಲ್ಲಿ ಮುಟ್ಟುವುದು ಅಪಾಯ. ಬ್ರುಸೆಲ್ಲೋಸಿಸ್ ಎಂಬ ರೋಗ ಚರ್ಮದ ಒಡಕಿನ ಮೂಲಕ ಮನುಷ್ಯರಿಗೆ ಬರುತ್ತದೆ. ಹಸಿ ಹಾಲು ಕುಡಿದರೂ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಸುಸ್ತು, ಕೀಲು ನೋವು ಇದರ ಲಕ್ಷಣ. ಕೀಲು ನೋವನ್ನು ನಾವು ಕೆಲಸದ ನೋವು ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವುದುಂಟು. ಜ್ವರದ ಜೊತೆ ಕೀಲು ನೋವಿದ್ದರೆ ಡಾಕ್ಟರಿಗೆ "ನಮ್ಮ ಮನೆಯಲ್ಲಿ ದನ ಇವೆ" ಎಂದು ತಪ್ಪದೆ ಹೇಳಿ. ಸತ್ತೆ ತೆಗೆಯುವ ಕೆಲಸ ಪಶುವೈದ್ಯರಿಗೆ ಬಿಡಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕಿಸಿ.

ಮೊಲೆತೊಟ್ಟಿನ ಮೇಲೆ ಗುಳ್ಳೆಗಳಿದ್ದು, ಕೆಲವು ದಿನದಲ್ಲಿ ನಿಮ್ಮ ಬೆರಳಿನ ಮೇಲೂ ಅಂಥದ್ದೇ ಗುಳ್ಳೆ, ಗಂಟು ಎದ್ದರೆ ಅದು ದನದಿಂದ ಬಂದ ಸಿಡುಬಿನ ಜಾತಿಯ ಸೋಂಕು ಇರಬಹುದು. ಎಮ್ಮೆ ಸಾಕುವವರೂ ಇದನ್ನು ಗಮನಿಸಬೇಕು. ಹಸುವನ್ನೂ ಕೈಯನ್ನೂ ಇಬ್ಬರು ವೈದ್ಯರಿಗೂ ತೋರಿಸಿ, ಆ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆಯಿರಿ.

ಹಿಡಿತಕ್ಕೆ ಬಲ ತರುವ ಐದು ಅಭ್ಯಾಸ

ಈಗ ನೋವಿರುವವರು ಮೊದಲು ನೋವು ಇಳಿಸಿಕೊಳ್ಳಿ. ನೋವಿನ ಮೇಲೆ ಅಭ್ಯಾಸ ಬೇಡ. ನೋವಿಲ್ಲದವರು ಸೋಮವಾರ, ಬುಧವಾರ, ಶುಕ್ರವಾರ ಹೀಗೆ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಮಾಡಿ. ಹಾಲು ಕರೆದ ಕೂಡಲೇ ಬೇಡ. ಮಧ್ಯಾಹ್ನದ ಬಿಡುವು ಒಳ್ಳೆಯದು. ಉಸಿರು ಬಿಗಿಹಿಡಿಯಬೇಡಿ.

1. ಬಕೆಟ್ ಹಿಡಿದು ನಿಲ್ಲುವುದು: ಬಕೆಟ್ಟಿಗೆ 5 ಲೀಟರ್ ನೀರು ಹಾಕಿ. ಒಂದು ಕೈಯಲ್ಲಿ ಹಿಡಿದು, ಬೆನ್ನು ನೇರ ಮಾಡಿ, 20 ಎಣಿಸುವವರೆಗೆ ನಿಲ್ಲಿ. ಕೆಳಗಿಟ್ಟು ಒಂದು ನಿಮಿಷ ಬಿಡುವು. ಒಂದೊಂದು ಕೈಗೆ ಮೂರು ಸಲ. 40 ಎಣಿಸುವವರೆಗೆ ಸುಲಭವಾಗಿ ನಿಲ್ಲುವಂತಾದಾಗ ಒಂದು ಲೀಟರ್ ನೀರು ಹೆಚ್ಚಿಸಿ, ಮತ್ತೆ 20ರಿಂದ ಶುರು ಮಾಡಿ.

2. ಟವೆಲ್ ಹಿಂಡುವುದು: ಕೈಗೆ ತುಂಬುವಷ್ಟು ದಪ್ಪ ಸುತ್ತಿದ ಒಣ ಟವೆಲನ್ನು ಮುಷ್ಟಿಯಲ್ಲಿ ಹಿಡಿದು ಐದು ಎಣಿಸುವವರೆಗೆ ಒತ್ತಿ, ಪೂರ್ತಿ ಬಿಡಿ. ಒಂದೊಂದು ಕೈಗೆ ಹತ್ತು ಸಲ. ಕಿರುಬೆರಳು, ಉಂಗುರಬೆರಳು ಕೂಡ ಒತ್ತುತ್ತಿವೆಯೇ ಗಮನಿಸಿ.

3. ಉಪ್ಪಿನ ಪೊಟ್ಟಣ ಹಿಡಿಯುವುದು: ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಎತ್ತಿ 15 ಎಣಿಸಿ. ಮೂರು ಸಲ. ಹೆಬ್ಬೆರಳ ಬುಡ ನೋಯುವವರು ಇದನ್ನು ಬಿಡಿ.

4. ರಬ್ಬರ್ ಬ್ಯಾಂಡ್ ಅಗಲಿಸುವುದು: ಐದೂ ಬೆರಳಿನ ತುದಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಬೆರಳುಗಳನ್ನು ಹೂವಿನಂತೆ ಅರಳಿಸಿ, ನಿಧಾನವಾಗಿ ಮುಚ್ಚಿ. ಹದಿನೈದು ಸಲ. ದಿನವಿಡೀ ಮುಚ್ಚುವ ಕೆಲಸವೇ ಮಾಡುವ ಕೈಗೆ ತೆರೆಯುವ ಬಲವೂ ಬೇಕು. ಬೇರೆ ಯಾವುದಕ್ಕೂ ಸಮಯವಿಲ್ಲದಿದ್ದರೂ ಇದೊಂದನ್ನು ಬಿಡಬೇಡಿ.

5. ಮಣಿಕಟ್ಟು ಎತ್ತುವುದು: ಕುಳಿತು, ಮುಂಗೈಯನ್ನು ತೊಡೆಯ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಮಣಿಕಟ್ಟನ್ನು ನಿಧಾನವಾಗಿ ಮೇಲೆತ್ತಿ, ಇನ್ನೂ ನಿಧಾನವಾಗಿ ಇಳಿಸಿ. ಹತ್ತು ಸಲ, ಎರಡು ಸುತ್ತು.

ಪ್ರತಿದಿನ ಹಾಲು ಕರೆದ ನಂತರ ಒಂದು ನಿಮಿಷ ಕೈಯನ್ನು ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದು 20 ಎಣಿಸಿ.

ಅಭ್ಯಾಸದ ಮರುದಿನ ಮುಂಗೈಯಲ್ಲಿ ಸಣ್ಣ ಮೈಕೈ ನೋವಿನಂಥದ್ದು ಬಂದು ಒಂದೆರಡು ದಿನದಲ್ಲಿ ಹೋದರೆ ಚಿಂತೆಯಿಲ್ಲ. ಚುಚ್ಚುವ ನೋವು, ಕೀಲಿನಲ್ಲಿ ನೋವು, ಜೋಮು ಬಂದರೆ ನಿಲ್ಲಿಸಿ. ಅವಸರ ಬೇಡ. ಮಾಂಸಖಂಡ ಬೇಗ ಬಲಿಯುತ್ತದೆ, ಹುರಿಗಳು ಬಲಿಯಲು ಹೆಚ್ಚು ಕಾಲ ಬೇಕು. ಎರಡು ಮೂರು ತಿಂಗಳು ಬಿಡದೆ ಮಾಡಿ. ಎಷ್ಟು ಲೀಟರ್ ಬಕೆಟ್, ಎಷ್ಟು ಎಣಿಕೆ ಎಂಬುದನ್ನು ಹಾಲಿನ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಬಸುರಿಯರು, ಬಾಣಂತಿಯರು, ಗರ್ಭಕೋಶ ಜಾರಿರುವವರು, ಬಿಪಿ ಅಥವಾ ಹೃದಯದ ತೊಂದರೆ ಇರುವವರು ಬಕೆಟ್ ಅಭ್ಯಾಸವನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ.

ಹಿಡಿ ನಿಮ್ಮ ಕೈಗೆ ಹೊಂದಬೇಕು

ಭಾರ ಎತ್ತುವ ಸ್ಪರ್ಧೆಯಲ್ಲಿ ಗಂಡಸರ ಸರಳು 28 ಮಿಲಿಮೀಟರ್ ದಪ್ಪ, 20 ಕಿಲೋ ತೂಕ. ಹೆಂಗಸರ ಸರಳು 25 ಮಿಲಿಮೀಟರ್, 15 ಕಿಲೋ. ಹೆಂಗಸರ ಅಂಗೈ ಸಣ್ಣದು, ಹಿಡಿಯೂ ಅದಕ್ಕೆ ತಕ್ಕಂತೆ ಇರಬೇಕು ಎಂದು ನಿಯಮವನ್ನೇ ಮಾಡಿದ್ದಾರೆ. ನಮ್ಮ ಕೊಟ್ಟಿಗೆಯಲ್ಲಿ ಗುದ್ದಲಿ, ಕುಡುಗೋಲು, ಸಲಿಕೆಗಳ ಹಿಡಿ ಯಾರ ಕೈಗೆ ತಕ್ಕಂತಿವೆ? ಮುಷ್ಟಿಗೆ ಸಿಗದಷ್ಟು ದಪ್ಪವಾದ ಹಿಡಿಯನ್ನು ಕೆತ್ತಿಸಿ ಸಣ್ಣ ಮಾಡಿಸಿ. ಬಕೆಟ್ಟಿನ ತಂತಿಯ ಹಿಡಿ ತೀರಾ ತೆಳುವಾಗಿ ಅಂಗೈಗೆ ಕೊರೆಯುತ್ತಿದ್ದರೆ ಹಳೆಯ ಸೈಕಲ್ ಟ್ಯೂಬ್ ಅಥವಾ ಬಟ್ಟೆ ಸುತ್ತಿ. ಕುಡುಗೋಲು ಹರಿತವಾಗಿರಲಿ. ಮೊಂಡು ಕುಡುಗೋಲಿಗೆ ಬೇಕಾಗುವ ಬಲವೆಲ್ಲ ಮಣಿಕಟ್ಟಿನಿಂದಲೇ ಬರಬೇಕು.

40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕಿಲೋ, ಮೇಲೆ ಕ್ಯಾನಿನ ತೂಕ. ಅದನ್ನು ಯಾವ ಹೆಣ್ಣುಮಗಳೂ ಒಬ್ಬಳೇ ಎತ್ತಬೇಕಾಗಿಲ್ಲ. ಇಬ್ಬರು ಹಿಡಿಯಿರಿ.

ಹಾಲು ಕರೆಯುವುದು, ಮೇವು ಕೊಯ್ಯುವುದು, ಬಟ್ಟೆ ಹಿಂಡುವುದು ಮೂರೂ ಮುಷ್ಟಿಯ ಕೆಲಸ. ಒಂದರ ಹಿಂದೆ ಒಂದು ಮಾಡಬೇಡಿ. ನಡುವೆ ಅಡುಗೆ, ಕಸ ಗುಡಿಸುವುದು, ಡೇರಿಗೆ ಹೋಗಿಬರುವುದು ಇರಲಿ. ಮನೆಯಲ್ಲಿ ಗಂಡ, ಮಗ, ಸೊಸೆ ಹಾಲು ಕರೆಯಲು ಕಲಿಯಲಿ. ಒಬ್ಬರ ಕೈಗೇ ಒಗ್ಗಿದ ಹಸು ಬೇರೆಯವರಿಗೆ ಹಾಲು ಕೊಡುವುದಿಲ್ಲ ಎನ್ನುತ್ತೀರಿ. ನಿಜ, ಮೊದಮೊದಲು ಹಿಡಿದಿಟ್ಟುಕೊಳ್ಳುತ್ತದೆ. ನೀವು ಪಕ್ಕದಲ್ಲಿ ನಿಂತು, ಒಂದು ಮೊಲೆಯಿಂದ ಆರಂಭಿಸಿ ಅಭ್ಯಾಸ ಮಾಡಿಸಿ. ನಿಮಗೆ ಜ್ವರ ಬಂದ ದಿನ, ಮಗಳ ಹೆರಿಗೆಗೆ ಹೋಗಬೇಕಾದ ದಿನ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಡಾಕ್ಟರ ಬಳಿ ಹೋಗಲೇಬೇಕಾದ ಲಕ್ಷಣಗಳು

ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವುದು, ಕೈಯಿಂದ ಲೋಟ, ತಟ್ಟೆ ಜಾರಿ ಬೀಳುವುದು.

ಹೆಬ್ಬೆರಳ ಬುಡದ ಉಬ್ಬು ಮಾಂಸ ಕರಗಿ ಚಪ್ಪಟೆಯಾಗುವುದು. ಇದು ನರ ಬಹಳ ದಿನದಿಂದ ಒತ್ತಿಹೋಗಿರುವ ಗುರುತು, ತಡ ಮಾಡಬೇಡಿ.

ಮಡಚಿದ ಬೆರಳು ಸಿಕ್ಕಿಕೊಂಡು, ಟಕ್ ಎಂದು ಬಿಡಿಸಿಕೊಳ್ಳುವುದು.

ಹೆಬ್ಬೆರಳ ಕಡೆಯ ಮಣಿಕಟ್ಟು ಪಾತ್ರೆ ಎತ್ತುವಾಗ, ಮಗು ಎತ್ತುವಾಗ ಚುಚ್ಚುವುದು.

ಎರಡೂ ಕೈಯ ಸಣ್ಣ ಕೀಲುಗಳು ಬಾತು, ಬೆಳಗ್ಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿಯಾಗಿರುವುದು. ಇದು ಕೆಲಸದ ನೋವಲ್ಲ, ಸಂಧಿವಾತ ಇರಬಹುದು.

ಕೆಂಪಾಗಿ ಬಾತು ಕೀವಾಗುವುದು, ಜ್ವರ ಬರುವುದು.

ಜೋಮಿನ ತೊಂದರೆಗೆ ಆರಂಭದಲ್ಲಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ರಾತ್ರಿ ಕಟ್ಟಿಕೊಂಡರೂ ಎಷ್ಟೋ ಜನಕ್ಕೆ ಕಡಿಮೆಯಾಗುತ್ತದೆ. ಬಹಳ ತಡವಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ವಾರಗಟ್ಟಲೆ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ತೊಂದರೆ. ನಿಮ್ಮ ಯಶಸ್ವಿನಿ ಕಾರ್ಡ್ ಮತ್ತು ಆಯುಷ್ಮಾನ್ ಕಾರ್ಡ್ ಚಾಲ್ತಿಯಲ್ಲಿವೆಯೇ, ಯಾವ ಚಿಕಿತ್ಸೆಗೆ ಸಿಗುತ್ತವೆ ಎಂಬುದನ್ನು ಸಂಘದ ಕಾರ್ಯದರ್ಶಿಯವರಲ್ಲಿ ಈಗಲೇ ವಿಚಾರಿಸಿಡಿ.

ಸಂಘದಲ್ಲಿ ಮಾತನಾಡಿ

ಕೆಚ್ಚಲು ಬಾವಿನ ಬಗ್ಗೆ, ಮೇವಿನ ಬಗ್ಗೆ ಸಂಘದ ಸಭೆಯಲ್ಲಿ ಮಾತನಾಡುತ್ತೇವೆ. ಕೈ ನೋವಿನ ಬಗ್ಗೆ ಯಾರೂ ಎದ್ದು ನಿಂತು ಹೇಳುವುದಿಲ್ಲ. ಮುಂದಿನ ಸಭೆಯಲ್ಲಿ ಒಬ್ಬರು ಆರಂಭಿಸಿ. ಎಷ್ಟು ಜನಕ್ಕೆ ರಾತ್ರಿ ಜೋಮು ಬರುತ್ತದೆ ಎಂದು ಕೈ ಎತ್ತಿಸಿ ನೋಡಿ. ಹಾಲು ಕರೆಯುವ ಯಂತ್ರಕ್ಕೆ ಸಹಾಯಧನ ಸಿಗುತ್ತದೆಯೇ, ಎರಡು ಮೂರು ಮನೆಯವರು ಸೇರಿ ಒಂದು ಯಂತ್ರ ಕೊಳ್ಳಬಹುದೇ, ಮುಷ್ಟಿ ವಿಧಾನದ ತರಬೇತಿಯನ್ನು ನಮ್ಮ ಊರಿನಲ್ಲೇ ಒಂದು ದಿನ ಇಡಬಹುದೇ ಎಂದು ವಿಸ್ತರಣಾಧಿಕಾರಿಯವರನ್ನು ಕೇಳಿ. ಆರೋಗ್ಯ ತಪಾಸಣಾ ಶಿಬಿರ ನಡೆದಾಗ ಬಿಪಿ, ಸಕ್ಕರೆ ಜೊತೆ ಕೈಯನ್ನೂ ತೋರಿಸಿ.

ಈ ವಾರ ಮೂರು ಕೆಲಸ ಮಾಡಿದರೆ ಸಾಕು. ಹತ್ತು ಹಿಂಡಿನ ಲೆಕ್ಕ ಹಾಕಿ ನಿಮ್ಮ ಕೈ ದಿನಕ್ಕೆ ಎಷ್ಟು ದುಡಿಯುತ್ತದೆ ಎಂದು ತಿಳಿದುಕೊಳ್ಳಿ. ಹಾಲು ಕರೆಯುವಾಗ ಹೆಬ್ಬೆರಳು ಮಡಚುತ್ತಿದ್ದೀರಾ ಎಂದು ಗಮನಿಸಿ. ಬಕೆಟ್ಟಿಗೆ 5 ಲೀಟರ್ ನೀರು ಹಾಕಿ ಎಷ್ಟು ಎಣಿಸುವವರೆಗೆ ಹಿಡಿದು ನಿಲ್ಲಬಲ್ಲಿರಿ ಎಂದು ನೋಡಿ, ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಇಂದಿನ ತಾರೀಖು ಹಾಕಿ ಬರೆಯಿರಿ. ಮೂರು ತಿಂಗಳ ನಂತರ ಅದೇ ಪುಟ ತೆಗೆದು ಹೋಲಿಸಿ ನೋಡಿ.